ಮೂರನೇ ಪುಟಿತ

ಸೆಸ್ನಾ 172 ಬಗೆಯ ಪುಟ್ಟ ತರಬೇತಿ ವಿಮಾನ ಇಳಿಯುವಾಗ ಮೂತಿ ಜಜ್ಜಿಕೊಂಡಿತೆಂಬ ಸುದ್ದಿ ಬಂದರೆ, ಕಲಿಯುವವರು ಅದನ್ನು ನೆಲಕ್ಕೆ ಕುಕ್ಕಿ ಮುರಿದರೆಂದೇ ನಾವು ಊಹಿಸಿಕೊಳ್ಳುತ್ತೇವೆ. ಆದರೆ ಇಂಥ ಅವಘಡದ ಮಾಮೂಲಿ ಕ್ರಮದಲ್ಲಿ ಮೊದಲ ಏಟಿಗೆ ವಿಮಾನಕ್ಕೆ ಏನೂ ಆಗಿರುವುದಿಲ್ಲ. ಚಕ್ರ ತಾಗುತ್ತದೆ, ವಿಮಾನ ಒಂದಾಳೆತ್ತರ ಪುಟಿಯುತ್ತದೆ. ಗಾಬರಿಯಲ್ಲಿ ಯೋಕನ್ನು, ಅಂದರೆ ಮೂತಿಯನ್ನು ಏರಿಳಿಸುವ ಹಿಡಿಕೆಯನ್ನು, ಮುಂದಕ್ಕೆ ತಳ್ಳಿದಾಗ ಮೂತಿ ಬಗ್ಗಿ ಮುಂಚಕ್ರವೇ ಮೊದಲು ಬಡಿಯುತ್ತದೆ. ಈ ಸಲದ ಜಿಗಿತ ಇನ್ನೂ ದೊಡ್ಡದು. ಮತ್ತೆ ತಳ್ಳುತ್ತಾರೆ. ಮೂರನೇ ಪುಟಿತಕ್ಕೆ ಮುಂಚಕ್ರದ ಕಾಲು ಮಡಚಿಕೊಳ್ಳುತ್ತದೆ, ಇಲ್ಲವೇ ಪ್ರೊಪೆಲ್ಲರ್ ಡಾಂಬರನ್ನು ಕೆತ್ತುತ್ತದೆ. ಸುಮ್ಮನೆ ನಿಂತಾಗಲೂ ಅದರ ಅಲಗಿಗೂ ನೆಲಕ್ಕೂ ಇರುವ ಅಂತರ ಗೇಣಿಗಿಂತ ತುಸು ಹೆಚ್ಚು, ಅಷ್ಟೆ. ಹಾಗಾಗಿ ಇಲ್ಲಿ ವಿಮಾನವನ್ನು ಮುರಿಯುವ ಮುಖ್ಯ ಶಕ್ತಿ ತಪ್ಪನ್ನು ತಿದ್ದುವ ಆತುರ ಎಂಬುದು ನನ್ನ ವಾದ.

ಪುಟಿತಕ್ಕೆ ಟೈರಿನ ರಬ್ಬರು, ಚಕ್ರದ ಉಕ್ಕಿನ ಕಾಲು ಕಾರಣವೆಂದುಕೊಳ್ಳುವುದು ಸಹಜ. ಅವುಗಳ ಪಾಲೂ ಇದೆ, ಆದರೆ ದೊಡ್ಡ ಪಾಲು ರೆಕ್ಕೆಯದು. ಮುಂಚಕ್ರವು ಗುರುತ್ವಕೇಂದ್ರಕ್ಕಿಂತ ಬಹಳ ಮುಂದಿದೆ. ಅದು ಬಡಿದೊಡನೆ ಮೂತಿ ಮೇಲಕ್ಕೆ ಎಗರಿ, ರೆಕ್ಕೆ ಗಾಳಿಗೆ ಒಡ್ಡಿಕೊಂಡ ಕೋನ ಹೆಚ್ಚುತ್ತದೆ. ವೇಗ ಇನ್ನೂ ಉಳಿದಿದ್ದರೆ ವಿಮಾನ ನಿಜವಾಗಿಯೂ ಹಾರಿಬಿಡುತ್ತದೆ. 1956ರಲ್ಲಿ ಈ ವಿಮಾನ ಮಾರುಕಟ್ಟೆಗೆ ಬಂದಾಗ ಕಂಪನಿ ಅದರ ಮೂರು ಚಕ್ರದ ಏರ್ಪಾಟಿಗೆ ‘ಲ್ಯಾಂಡ್-ಓ-ಮ್ಯಾಟಿಕ್’ ಎಂದು ಹೆಸರಿಟ್ಟು, ಇಳಿಸುವುದೆಂದರೆ ಕಾರು ಓಡಿಸಿದಷ್ಟೇ ಸಲೀಸು ಎಂಬಂತೆ ಮಾರಿತು. ಬಾಲಕ್ಕೆ ಚಕ್ರವಿದ್ದ ಹಳೆಯ ವಿಮಾನಗಳ ಪಕ್ಕದಲ್ಲಿಟ್ಟು ನೋಡಿದರೆ ಮಾತು ಪೂರಾ ಸುಳ್ಳೂ ಅಲ್ಲ. ಹಿಂದಿನ ಎರಡು ಚಕ್ರ ಮೊದಲು ಊರಬೇಕೆಂಬ ಷರತ್ತು ಮಾತ್ರ ಆ ಚೆಂದದ ಹೆಸರಿನಲ್ಲಿ ಎಲ್ಲೂ ಕಾಣುವುದಿಲ್ಲ.

ಹಾಗಾದರೆ ಮುಂಚಕ್ರ ಮೊದಲು ತಾಗುವುದೇಕೆ? ಬಹಳ ಸಲ ಬೇರು ವೇಗದಲ್ಲಿರುತ್ತದೆ. ಇಳಿಯಲು ಬೇಕಾದ 65 ನಾಟ್ ಬದಲು 75 ನಾಟ್‌ನಲ್ಲಿ ಬಂದರೆ ವೇಗ ಶೇ. 15ರಷ್ಟು ಹೆಚ್ಚು, ಆದರೆ ಚಲನಶಕ್ತಿ ವೇಗದ ವರ್ಗದಂತೆ ಏರುವುದರಿಂದ ಅದು ಮೂರನೇ ಒಂದು ಭಾಗದಷ್ಟು ಹೆಚ್ಚು. ಒಂದು ಟನ್ ತೂಗುವ ವಿಮಾನ ಈ ಹೆಚ್ಚುವರಿಯನ್ನು ಬರೀ ಗಾಳಿಯ ಎಳೆತದಿಂದ ಕರಗಿಸಲು ಸ್ಥೂಲ ಲೆಕ್ಕದಲ್ಲಿ 100ರಿಂದ 150 ಮೀಟರ್ ಬೇಕು. ನೆಲದ ಸಮೀಪ ಅದೂ ಸಾಲದು: 11 ಮೀಟರ್ ಉದ್ದದ ರೆಕ್ಕೆ ನೆಲದಿಂದ ಎರಡೂವರೆ ಮೀಟರ್ ಮೇಲಿರುವಾಗ ರೆಕ್ಕೆತುದಿಯ ಸುಳಿಗಳಿಗೆ ಹರಡಲು ಜಾಗ ಸಿಗದೆ, ಅವುಗಳಿಂದ ಹುಟ್ಟುವ ಎಳೆತ ಸುಮಾರು ಕಾಲುಭಾಗ ತಗ್ಗುತ್ತದೆ. ವಿಮಾನ ತೇಲುತ್ತಲೇ ಇರುತ್ತದೆ, ರನ್‌ವೇ ಮುಗಿಯುತ್ತಾ ಬರುತ್ತದೆ, ಹೇಗಾದರೂ ಕೆಳಗೊತ್ತೋಣ ಎನಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಬೆಂಗಳೂರಿನ ಜಕ್ಕೂರಿನಂಥ ಕಡೆ, 33 ಡಿಗ್ರಿ ಬಿಸಿಲಿನ ದಿನ, ಗಾಳಿ ತೆಳುವಾಗಿ ವೇಗದ ಮುಳ್ಳು ಅದೇ 65ರಲ್ಲಿದ್ದರೂ ವಿಮಾನ ಶೇ. 9ರಷ್ಟು ಜೋರಾಗಿ ಸಾಗುತ್ತಿರುತ್ತದೆ. ವೇಗ ತಗ್ಗಿಸಿದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು ವಿಮಾನ ಬಿದ್ದೀತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಹಾಗೆ ಬಲ ಕಳೆದುಕೊಳ್ಳುವ ಮಿತಿವೇಗದ ಸುಮಾರು 1.3 ಪಟ್ಟು ವೇಗದಲ್ಲಿ ಬರಬೇಕೆಂಬ ನಿಯಮದಲ್ಲೇ ಆ ಭಯಕ್ಕೆ ಜಾಗ ಕೊಟ್ಟಾಗಿದೆ. ಅದರ ಮೇಲೆ ಇನ್ನೊಂದು 10 ನಾಟ್ ಸೇರಿಸಿಕೊಂಡರೆ ಒಂದು ಅಪಾಯವನ್ನು ಬಿಟ್ಟು ಇನ್ನೊಂದನ್ನು ಕೊಂಡಂತೆ.

ಇನ್ನು ತಿದ್ದುವಿಕೆಯ ಮಾತು. ಪುಟಿದ ವಿಮಾನ ಏರಿ ಇಳಿಯಲು ಒಂದೆರಡು ಸೆಕೆಂಡು ಸಾಕು. ಕಣ್ಣು ಗುರುತಿಸಿ, ಕೈ ತಳ್ಳಿ, ಬಾಲದ ಫಲಕ ವಾಲಿ, ಮೂತಿ ಬಗ್ಗುವಷ್ಟರಲ್ಲಿ ವಿಮಾನ ತಾನಾಗಿಯೇ ಇಳಿಯತೊಡಗಿರುತ್ತದೆ. ಉಯ್ಯಾಲೆಯನ್ನು ನಿಲ್ಲಿಸಹೋಗಿ, ಅದು ದೂರ ಸರಿಯತೊಡಗಿದ ಮೇಲೆ ತಳ್ಳಿದ ಹಾಗೆ. ಜೀಕು ಇನ್ನಷ್ಟು ಜೋರಾಗುತ್ತದೆ. ಇದು ಎಳಸು ಕೈಗಳ ತಾಪತ್ರಯ, ಅನುಭವದಿಂದ ಹೋಗುತ್ತದೆ ಎನ್ನುವವರು 1977ರ ಅಕ್ಟೋಬರ್ 26ನ್ನು ನೆನೆಯಬೇಕು. ಅಂದು ಅಮೆರಿಕದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಬಾಹ್ಯಾಕಾಶ ಶಟಲ್ ಎಂಟರ್‌ಪ್ರೈಸ್ ಅನ್ನು ಇಳಿಸುತ್ತಿದ್ದವರು ಫ್ರೆಡ್ ಹೈಸ್: ನುರಿತ ಪರೀಕ್ಷಾ ಪೈಲಟ್, ಅಪೊಲೊ 13ರಲ್ಲಿ ಹೋಗಿಬಂದವರು. ಗೊತ್ತುಮಾಡಿದ ಜಾಗದಲ್ಲೇ ಊರಬೇಕೆಂಬ ಒತ್ತಡವಿತ್ತು, ಶಟಲ್‌ನ ಕಂಪ್ಯೂಟರುಗಳು ಕೈಯ ಆಜ್ಞೆಯನ್ನು ಅರೆಗಳಿಗೆ ತಡಮಾಡಿ ಜಾರಿಗೆ ತರುತ್ತಿದ್ದವು. ಶಟಲ್ ತಾಗಿ, ಪುಟಿದು, ಹೊಯ್ದಾಡಿತು. ಪಕ್ಕದಲ್ಲಿದ್ದ ಗಾರ್ಡನ್ ಫುಲರ್ಟನ್ ಹಿಡಿತ ಸಡಿಲಿಸಲು ಹೇಳಿದರು. ಹೈಸ್ ಸಡಿಲಿಸಿದರು, ಶಟಲ್ ಕ್ಷೇಮವಾಗಿ ನೆಲಕ್ಕಿಳಿಯಿತು.

ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇರುತ್ತಾರಲ್ಲ ಎಂದು ಕೇಳಬಹುದು. ಇರುತ್ತಾರೆ, ಅವರ ಮುಂದೆಯೂ ಒಂದು ಯೋಕ್ ಇರುತ್ತದೆ. ಆದರೆ ತಪ್ಪು ಮಾಡಗೊಡದೆ ಕಲಿಸಲಾಗದು, ಎರಡು ಸೆಕೆಂಡಿನಲ್ಲಿ ಕಲಿಯುವವರ ಬಿಗಿಮುಷ್ಟಿಯಿಂದ ಯೋಕನ್ನು ಬಿಡಿಸಿಕೊಳ್ಳುವುದೂ ಸುಲಭವಲ್ಲ. ಅದಕ್ಕೇ ಪುಟಿತ ದೊಡ್ಡದಾದರೆ ಇಳಿಯುವುದನ್ನೇ ಕೈಬಿಟ್ಟು ಮತ್ತೆ ಮೇಲೇರಿ ಎನ್ನುತ್ತಾರೆ. ಅದೂ ಪುಕ್ಕಟೆಯಲ್ಲ: ಬಿಸಿಲಿಗೆ ಎಂಜಿನ್ನಿನ ಕಸುವು ಕುಂದಿರುತ್ತದೆ, ಥ್ರಾಟಲ್ ಒತ್ತಿದೊಡನೆ ಮೂತಿ ಆಕಾಶ ನೋಡತೊಡಗುತ್ತದೆ. ಮೊದಲ ಪುಟಿತಕ್ಕೇ ನಿರ್ಧರಿಸಿದವರ ಬಳಿ ವೇಗ ಉಳಿದಿರುತ್ತದೆ, ಪ್ರೊಪೆಲ್ಲರ್ ನೆಟ್ಟಗಿರುತ್ತದೆ. ಥ್ರಾಟಲ್ ಪೂರ್ತಿ ಮುಂದಕ್ಕೆ, ರೆಕ್ಕೆಯ ಹಿಂಬದಿಯ ಫ್ಲ್ಯಾಪ್ 30ರಿಂದ 20 ಡಿಗ್ರಿಗೆ, ಎಗರುವ ಮೂತಿಯನ್ನು ಕೈಯಲ್ಲಿ ಅದುಮಿ ಹಿಡಿದು, ಮುಳ್ಳು 60 ನಾಟ್ ಮುಟ್ಟುವವರೆಗೆ ಕಾಯುವುದು.