ಲೈಮ್ ರೀಜಿಸ್ ಬೆಳೆಸಿದ ಹೆಣ್ಣುಮಗಳು

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಪುಟ್ಟ ಊರಾದರೂ ಅಲ್ಲಿ ಹುಟ್ಟಿ ಹೆಸರಾದವರು ಹಲವರು. 1609ರಲ್ಲಿ ಹಡಗು ಒಡೆದು ಬರ್ಮುಡಾ ದ್ವೀಪ ಸೇರಿದ ಜಾರ್ಜ್ ಸಾಮರ್ಸ್, ಲಂಡನ್ನಿನಲ್ಲಿ ದಿಕ್ಕಿಲ್ಲದ ಕೂಸುಗಳಿಗೆ ಆಸರೆ ಕಟ್ಟಿದ ಥಾಮಸ್ ಕೋರಮ್, ಪಕ್ಷಿಶಾಸ್ತ್ರಜ್ಞ ಜಾನ್ ಗೂಲ್ಡ್ ಮೂವರೂ ಅಲ್ಲಿಯವರೇ. ಆದರೆ ಅವರ ಸಾಧನೆಯೆಲ್ಲ ಊರಾಚೆಯದು. ಯಾರನ್ನಾದರೂ ‘ನಮ್ಮವರು’ ಎನ್ನಲು ಅಲ್ಲಿ ಹುಟ್ಟಿದ್ದಷ್ಟೇ ಸಾಲದು, ಊರಿನ ನೆಲವೇ ಅವರ ಕೆಲಸದಲ್ಲಿ ಬೆರೆತಿರಬೇಕು ಎಂಬುದು ನನ್ನ ವಾದ. ಹಾಗೆ ನೋಡಿದರೆ ಮೊದಲ ಹೆಸರು ಮೇರಿ ಆ್ಯನಿಂಗ್ (1799–1847) ಅವರದು.

ಮರಗೆಲಸದ ತಂದೆ 1810ರಲ್ಲಿ ತೀರಿಕೊಂಡಾಗ ಮನೆಗೆ ಉಳಿದದ್ದು ಸಾಲ. ಚಳಿಗಾಲದ ಮಳೆಗೆ ಕಡಲಂಚಿನ ಗುಡ್ಡ ಕುಸಿದರೆ ಪಳೆಯುಳಿಕೆಗಳು ಹೊರಬೀಳುತ್ತಿದ್ದವು. ಅಲೆ ಬಂದು ಕೊಚ್ಚುವ ಮೊದಲೇ ಅವನ್ನು ಬಿಡಿಸಿ ಪ್ರವಾಸಿಗರಿಗೆ ಮಾರುವುದೇ ಜೀವನೋಪಾಯ. ಅಪಾಯ ಸಣ್ಣದಲ್ಲ: 1833ರ ಕುಸಿತದಲ್ಲಿ ಜೊತೆಗಿದ್ದ ನಾಯಿ ಮಣ್ಣಡಿ ಸತ್ತಿತು, ಮೇರಿ ಕೂದಲೆಳೆಯಲ್ಲಿ ಪಾರಾದರು.

ಅಂಥ ಗುಡ್ಡದ ಬುಡದಲ್ಲಿ ಯಾರಿಗಾದರೂ ಸಿಗುತ್ತಿತ್ತು, ಇದು ಬರೀ ಅದೃಷ್ಟ ಎನ್ನುವವರುಂಟು. 1811ರಲ್ಲಿ ಕಡಲ ಸರೀಸೃಪ ಇಕ್ತಿಯೋಸಾರ್‌ನ ತಲೆಬುರುಡೆ ಮೊದಲು ಕಂಡದ್ದು ಅಣ್ಣ ಜೋಸೆಫ್‌ಗೆ ಎಂಬುದೂ ನಿಜ. ಆದರೆ ಉಳಿದ ಅಸ್ಥಿಯನ್ನು ಪತ್ತೆಹಚ್ಚಿದವರು ಮೇರಿ. 1823ರಲ್ಲಿ ಇನ್ನೊಂದು ಕಡಲ ಸರೀಸೃಪ ಪ್ಲೀಸಿಯೋಸಾರ್, 1828ರಲ್ಲಿ ಹಾರುವ ಸರೀಸೃಪ ಟೆರೋಸಾರ್ ಕೂಡ ಅವರ ಕೈಗೇ ಸಿಕ್ಕವು. ಇಷ್ಟೆಲ್ಲ ಬರೀ ಅದೃಷ್ಟವೇ? ಶಾಲೆಯ ಓದು ಕಡಿಮೆಯಿದ್ದರೂ ಅವರು ವಿಜ್ಞಾನ ಲೇಖನಗಳನ್ನು ಕೈಯಾರೆ ನಕಲು ಮಾಡಿಕೊಂಡರು, ಈಗಿನ ಮೀನುಗಳನ್ನು ಕೊಯ್ದು ಹಳೆಯ ಮೂಳೆಗಳೊಂದಿಗೆ ಹೋಲಿಸಿದರು. ‘ಬೆಜೋರ್ ಕಲ್ಲು’ಗಳನ್ನು ಒಡೆದು ಒಳಗಿನ ಮೀನಿನ ಮೂಳೆ, ಪೊರೆಗಳನ್ನು ಗಮನಿಸಿದರು, ಅವು ಕಲ್ಲಾದ ಮಲವೆಂದು ಭೂವಿಜ್ಞಾನಿ ವಿಲಿಯಂ ಬಕ್ಲೆಂಡ್ ನಿರ್ಧರಿಸಲು ಇದು ನೆರವಾಯಿತು. ಪ್ಲೀಸಿಯೋಸಾರ್‌ನ ಉದ್ದ ಕತ್ತು ಕಂಡು ಮಹಾವಿಜ್ಞಾನಿ ಕುವಿಯೆ ಮೋಸವಿರಬಹುದೆಂದು ಶಂಕಿಸಿದ್ದ. ಕೊನೆಗೆ ಆತನೇ ಒಪ್ಪಬೇಕಾಯಿತು.

ವಿದ್ವಾಂಸರು ಅವರನ್ನು ಕಡೆಗಣಿಸಲಿಲ್ಲ, ವರ್ಷಾಶನದ ಏರ್ಪಾಡೂ ಆಯಿತಲ್ಲ ಎಂದು ಕೇಳಬಹುದು. ಆಯಿತು, ಅದು ಕೃತಜ್ಞತೆಯೇ. ಆದರೆ ನೆರವು ಬೇರೆ, ಸಲ್ಲಬೇಕಾದ ಹೆಸರು ಬೇರೆ. 1824ರಲ್ಲಿ ಭೂವಿಜ್ಞಾನಿ ಕಾನಿಬೇರ್ ಪ್ಲೀಸಿಯೋಸಾರ್ ಕುರಿತು ಭೂವೈಜ್ಞಾನಿಕ ಸಂಘದಲ್ಲಿ ಮಾತನಾಡಿದಾಗ ಮೇರಿ ಅವರ ಹೆಸರೆತ್ತಲಿಲ್ಲ. ಹೆಂಗಸರಿಗೆ ಆ ಸಂಘದ ಸದಸ್ಯತ್ವ ದೊರೆತದ್ದು 1919ರಲ್ಲಿ. ಹೀಗಿರುವಾಗ ಊರಿನ ಪಟ್ಟಿಯಲ್ಲಿ ಅವರನ್ನು ಮೇಲಿಡುವುದು ಸಾಮರ್ಸ್, ಕೋರಮ್‌ರಿಗೆ ಮಾಡುವ ಅನ್ಯಾಯವಲ್ಲ. ಆ ಇಬ್ಬರ ಕೆಲಸ ಬೇರೆ ಬಂದರಿನವರಿಂದಲೂ ಆಗಬಹುದಿತ್ತು. ಆ ಗುಡ್ಡವಿಲ್ಲದ ಊರಿನಲ್ಲಿ ಮೇರಿ ಅವರ ಕೆಲಸ ಸಾಧ್ಯವಿರಲಿಲ್ಲ, ಮೇರಿ ಇಲ್ಲದಿದ್ದರೆ ಆ ಎಲುಬುಗಳಲ್ಲಿ ಎಷ್ಟೋ ಕಡಲುಪಾಲಾಗುತ್ತಿದ್ದವು.