ಮನೆ ನಮ್ಮದು, ನೆಲ ಎಲ್ಲರದು

“ಜನರೇ ಸೇರಿ ಮಾಡಿಕೊಳ್ಳುವ ವಸತಿ ಅಂದರೆ ನಮ್ಮ ಹೌಸಿಂಗ್ ಸೊಸೈಟಿ ತಾನೆ?” ಅಲ್ಲ. ನಮ್ಮ ಸೊಸೈಟಿಗಳು ಬಹುಮಟ್ಟಿಗೆ ಜಮೀನು ಕೊಂಡು, ಬಡಾವಣೆ ಮಾಡಿ, ಸೈಟು ಹಂಚುತ್ತವೆ. ಒಮ್ಮೆ ಖಾತೆಯಾಗಿ ಸೈಟು ಮಾರುಕಟ್ಟೆಗೆ ಬಂತೆಂದರೆ, ಸಣ್ಣ ಸಂಬಳದವರಿಗೆ ಮತ್ತೆ ಕೈಗೆಟುಕುವುದಿಲ್ಲ.

ಸಮುದಾಯ ಭೂ ಟ್ರಸ್ಟ್ ತಡೆಯುವುದು ಇದನ್ನೇ. ನೆಲ ಟ್ರಸ್ಟಿನದು, ಅದರ ಮೇಲಿನ ಮನೆ ಕೊಂಡವರದು. “ನೆಲ ನಮ್ಮ ಹೆಸರಿಗಿಲ್ಲದಿದ್ದರೆ ನಾವು ಬಾಡಿಗೆದಾರರೇ” ಎಂಬ ಅಳುಕು ಸಹಜ, ಆದರೆ ನಿಜವಲ್ಲ. ನೆಲ ದೀರ್ಘಾವಧಿ ಗುತ್ತಿಗೆಗೆ ಸಿಗುತ್ತದೆ. ಮನೆಯನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು. ಮುಖ್ಯ ಕಟ್ಟುಪಾಡಿರುವುದು ಲಾಭಕ್ಕೆ. ಅಮೆರಿಕದ ಬರ್ಲಿಂಗ್ಟನ್‌ನಲ್ಲಿ 1984ರಲ್ಲಿ ಶುರುವಾದ ಟ್ರಸ್ಟಿನ ಸೂತ್ರದಂತೆ ಮನೆಯ ಬೆಲೆ 40,000 ಡಾಲರ್ ಏರಿದ್ದರೆ ಮಾರುವವರಿಗೆ ಹಾಕಿದ ಹಣದ ಜೊತೆಗೆ 10,000 ಸಿಗುತ್ತದೆ. ಉಳಿದ 30,000 ಮುಂದೆ ಕೊಳ್ಳುವವರಿಗೆ ಬೆಲೆಯಲ್ಲಿ ಇಳಿಕೆಯಾಗುತ್ತದೆ. ಇದಕ್ಕಿಂತ ನ್ಯಾಯವಾದ ಲೆಕ್ಕ ನನಗೆ ತೋಚುವುದಿಲ್ಲ.

“ಇದೆಲ್ಲ ಪರದೇಶದ ಯೋಚನೆ” ಎನ್ನುವವರಿಗೆ ಇಲವಾಲವನ್ನು ನೆನಪಿಸಬೇಕು. ಮೈಸೂರಿನ ಪಕ್ಕದ ಆ ಊರಿನಲ್ಲಿ 1957ರಲ್ಲಿ ನೆಹರೂ ಸೇರಿದಂತೆ ಹಲವು ಪಕ್ಷಗಳ ನಾಯಕರು ವಿನೋಬಾರ ಗ್ರಾಮದಾನಕ್ಕೆ ಬೆಂಬಲ ಸಾರಿದರು. ಜಮೀನಿನ ಒಡೆತನ ಊರಿಗೆ, ಉಳುಮೆ ಕುಟುಂಬಕ್ಕೆ ಎಂಬ ಆ ವಿಚಾರವೇ 1969ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಕಪ್ಪು ಜನರು ಕಟ್ಟಿದ ‘ನ್ಯೂ ಕಮ್ಯುನಿಟೀಸ್’ ಭೂ ಟ್ರಸ್ಟಿಗೆ ಪ್ರೇರಣೆಗಳಲ್ಲೊಂದಾಯಿತು. ಅವರಿಗೆ ಸುಮಾರು 5,700 ಎಕರೆ ಇತ್ತು. ಬರದ ವರ್ಷಗಳಲ್ಲಿ ಸರ್ಕಾರಿ ಸಾಲ ಸಕಾಲಕ್ಕೆ ಸಿಗದೆ 1985ರಲ್ಲಿ ಅದು ಕೈತಪ್ಪಿತು. ಜನಾಂಗ ತಾರತಮ್ಯದ ಮೊಕದ್ದಮೆಯಲ್ಲಿ 2009ರಲ್ಲಿ ಸುಮಾರು 1.2 ಕೋಟಿ ಡಾಲರ್ ಪರಿಹಾರ ಬಂತು.

ಜನರೇ ಸೇರಿ ಮಾಡಿಕೊಂಡ ವಸತಿಯೆಂದರೆ “ಎಲ್ಲರಿಗೂ ಒಂದೇ ಅಡುಗೆಮನೆ” ಎಂಬುದೂ ತಪ್ಪು. ಡೆನ್ಮಾರ್ಕಿನಲ್ಲಿ 1972ರಲ್ಲಿ ಸಿದ್ಧವಾದ ಸಹವಸತಿ ಬಡಾವಣೆ ಸೆಟ್ಟೆಡಾಮೆನ್‌ನಲ್ಲಿ ಪ್ರತಿ ಮನೆಗೂ ಸ್ವಂತ ಅಡುಗೆಮನೆಯಿದೆ. ಒಟ್ಟಿಗೆ ಊಟ ಮಾಡಬೇಕೆನಿಸಿದರೆ ಸಮುದಾಯ ಭವನ.

“ಸರ್ಕಾರದ ಹಂಗಿಲ್ಲದೆ ಜನರೇ ಕಟ್ಟಿಕೊಳ್ಳುತ್ತಾರೆ” ಎಂಬ ಹೊಗಳಿಕೆ ಮಾತ್ರ ಅಪಾಯದ್ದು. ಜವಾಬ್ದಾರಿಯಿಂದ ನುಣುಚಿಕೊಳ್ಳಲು ಸರ್ಕಾರಕ್ಕೆ ಅಷ್ಟು ಸಾಕು. ಉರುಗ್ವೆಯಲ್ಲಿ ಪರಸ್ಪರ ನೆರವಿನ ಸಹಕಾರ ಸಂಘಗಳು ಬೆಳೆದದ್ದು 1968ರ ವಸತಿ ಕಾನೂನು ಸಾಲಕ್ಕೆ ದಾರಿ ಮಾಡಿದ ಮೇಲೆ. ಅಲ್ಲಿ ಒಂದೊಂದು ಕುಟುಂಬ ವಾರಕ್ಕೆ 21 ಗಂಟೆ ಇಟ್ಟಿಗೆ ಹೊರುತ್ತದೆ, ಗಾರೆ ಕಲಸುತ್ತದೆ. ಎಷ್ಟೋ ಸಂಘಗಳಲ್ಲಿ ಯಾರಿಗೆ ಯಾವ ಮನೆ ಎಂದು ಚೀಟಿ ಎತ್ತುವುದು ಕೆಲಸ ಮುಗಿದ ಮೇಲೆ. ಹಾಗಾಗಿ ಯಾರೂ ತಮ್ಮ ಗೋಡೆಗೆ ಹೆಚ್ಚು ಸಿಮೆಂಟು ಹಾಕಿಕೊಳ್ಳುವಂತಿಲ್ಲ.