ಶಿಶುಗಳ ಯಕೃದರ್ಬುದವೂ ಯಕೃತ್ತಿನ ಕಸಿಯೂ

ಶಿಶುಗಳಿಗೆ ಯಕೃತ್ತಿನಲ್ಲಿಯೇ ಹುಟ್ಟುವ ಅರ್ಬುದಗಳಲ್ಲಿ ಹೆಚ್ಚಾಗಿ ಕಂಡುಬರುವುದು ಹೆಪಟೋಬ್ಲಾಸ್ಟೋಮ ಎಂಬುದು. ಇದು ಬಹುತರವಾಗಿ ಮೂರು ವರ್ಷ ತುಂಬದ ಮಕ್ಕಳಿಗೆ ಬರತಕ್ಕ ವ್ಯಾಧಿ. ಮೊದಮೊದಲು ಹೊಟ್ಟೆಯು ಉಬ್ಬಿರುವುದೊಂದೇ ಇದರ ಲಕ್ಷಣವಾಗಿರಬಹುದು. ಆಲ್ಫಾ-ಫೀಟೊಪ್ರೋಟೀನ್ ಎಂಬ ದ್ರವ್ಯವು ರಕ್ತದಲ್ಲಿ ಬಹಳವಾಗಿ ಹೆಚ್ಚಿರುವುದು ರೋಗನಿರ್ಣಯಕ್ಕೆ ಸಹಾಯಕವಾಗುತ್ತದೆ.

ಗಡ್ಡೆಯನ್ನು ನಿಶ್ಶೇಷವಾಗಿ ತೆಗೆದ ಹೊರತು ಈ ರೋಗವು ಸಾಮಾನ್ಯವಾಗಿ ಗುಣವಾಗದು. ಆದುದರಿಂದ ಸಿಸ್‌ಪ್ಲಾಟಿನ್ ಮೊದಲಾದ ಔಷಧಗಳಿಂದ ಅದನ್ನು ಕುಗ್ಗಿಸಿ, ಅನಂತರ ಶಸ್ತ್ರಚಿಕಿತ್ಸೆ ಮಾಡುವರು. ವೈದ್ಯರು ಯಕೃತ್ತನ್ನು ನಾಲ್ಕು ವಿಭಾಗಗಳಾಗಿ ಎಣಿಸಿ ಗಡ್ಡೆಯ ವ್ಯಾಪ್ತಿಯನ್ನು ಅಳೆಯುತ್ತಾರೆ. ಯಕೃತ್ತಿಗೆ ಮರಳಿ ಬೆಳೆಯುವ ಶಕ್ತಿಯುಂಟಾದ ಕಾರಣ ಮೂರು ವಿಭಾಗಗಳನ್ನು ತೆಗೆದರೂ ಮಗುವು ಬದುಕಬಲ್ಲುದು. ಆದರೆ ಔಷಧೋಪಚಾರದ ತರುವಾಯವೂ ಗಡ್ಡೆಯು ನಾಲ್ಕನ್ನೂ ಆಕ್ರಮಿಸಿದ್ದರೆ, ಅಥವಾ ಮುಖ್ಯ ರಕ್ತನಾಳಗಳನ್ನು ಸುತ್ತಿಕೊಂಡಿದ್ದರೆ, ಉಳಿಸಿಕೊಳ್ಳಲು ಏನೂ ಇರುವುದಿಲ್ಲ. ಆಗ ಇಡೀ ಯಕೃತ್ತನ್ನು ತೆಗೆದು ಬೇರೊಂದನ್ನು ಕೂಡಿಸುವುದೇ ಮಾರ್ಗ.

ಈ ಚಿಕಿತ್ಸೆಯ ಇತಿಹಾಸವು ಮಕ್ಕಳಿಂದಲೇ ಆರಂಭವಾಗುತ್ತದೆ. 1963ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಥಾಮಸ್ ಸ್ಟಾರ್ಜ್ಲ್ ಎಂಬ ಶಸ್ತ್ರವೈದ್ಯರು ಮೂರು ವರ್ಷದ ಮಗುವಿಗೆ ಮೊದಲನೆಯ ಕಸಿಯನ್ನು ಮಾಡಿದರು. ಮಗುವು ರಕ್ತಸ್ರಾವದಿಂದ ಅಂದೇ ತೀರಿಕೊಂಡಿತು. 1967ರಲ್ಲಿ ಅವರೇ ಯಕೃದರ್ಬುದವಿದ್ದ ಹತ್ತೊಂಬತ್ತು ತಿಂಗಳ ಹೆಣ್ಣುಮಗುವಿಗೆ ಚಿಕಿತ್ಸೆ ಮಾಡಲು, ಅದು ವರ್ಷಕ್ಕೂ ಮಿಕ್ಕು ಬದುಕಿತು. ಕಡೆಗೆ ಆ ಕೂಸನ್ನು ಒಯ್ದುದು ಮರುಕಳಿಸಿದ ಅರ್ಬುದ. ರೋಗವು ಯಕೃತ್ತನ್ನು ದಾಟಿ ಉಳಿದುಕೊಂಡಿದ್ದರೆ ಕಸಿಯಿಂದ ಮಾತ್ರ ಪ್ರಯೋಜನವಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು. ಶ್ವಾಸಕೋಶಕ್ಕೆ ಹರಡಿದ ರೋಗವು ಔಷಧದಿಂದಲೋ ಶಸ್ತ್ರದಿಂದಲೋ ಪೂರ್ಣವಾಗಿ ಅಳಿದ ಬಳಿಕವಾದರೆ ಕಸಿಗೆ ಅಡ್ಡಿಯಿಲ್ಲ.

ಕಸಿಯನ್ನು ಮೊದಲೇ ಮಾಡಬೇಕೆ, ಇತರ ಶಸ್ತ್ರಚಿಕಿತ್ಸೆ ವಿಫಲವಾದ ಮೇಲೆಯೆ? ಬೆಲ್ಜಿಯಮಿನ ಒಟ್ ಮೊದಲಾದವರು 2004ರಲ್ಲಿ ನಾನಾ ದೇಶಗಳ 147 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಮೊದಲೇ ಕಸಿ ಪಡೆದವರಲ್ಲಿ ಆರು ವರ್ಷಗಳ ಅನಂತರ ಬದುಕುಳಿದವರು ನೂರಕ್ಕೆ 82; ಗಡ್ಡೆಯು ಉಳಿದೋ ಮರುಕಳಿಸಿಯೋ ತಡವಾಗಿ ಪಡೆದವರಲ್ಲಿ 30 ಮಾತ್ರ. ಎರಡನೆಯ ಗುಂಪಿನ ರೋಗವು ಮೊದಲೇ ಪ್ರಬಲವಾಗಿದ್ದುದರಿಂದ ಈ ಅಂತರವೆಲ್ಲವೂ ಕಾಲವಿಳಂಬದ ಫಲವೆನ್ನಲಾಗದು. ಆದರೂ ಸಂದಿಗ್ಧವಾದ ಗಡ್ಡೆಗೆ ಕತ್ತಿಯಿಡುವ ಮೊದಲೇ ಕಸಿಯಲ್ಲಿ ನುರಿತವರ ಅಭಿಪ್ರಾಯವನ್ನು ಪಡೆಯತಕ್ಕುದೆಂಬುದು ಇದರಿಂದ ಸಿದ್ಧವಾಗುತ್ತದೆ.

ಮೃತರ ಯಕೃತ್ತು ದೊರೆಯುವತನಕ ರೋಗವು ಕಾಯದು. ತಂದೆಯ ಅಥವಾ ತಾಯಿಯ ಯಕೃತ್ತಿನ ಎಡಪಾರ್ಶ್ವದ ಚಿಕ್ಕ ಭಾಗವೇ ಶಿಶುವಿಗೆ ಸಾಕಾಗುತ್ತದೆ. 1998ರಲ್ಲಿ ದೆಹಲಿಯಲ್ಲಿ, ಅರ್ಬುದವಲ್ಲದೆ ಪಿತ್ತನಾಳದ ರೋಗವಿದ್ದ ಒಂದು ಶಿಶುವು ತಂದೆಯಿಂದ ಹೀಗೆಯೇ ಜೀವದಾನವನ್ನು ಪಡೆಯಿತು. ಹೊಸ ಅಂಗವನ್ನು ದೇಹವು ತಿರಸ್ಕರಿಸದಂತೆ ತಡೆಯುವ ಔಷಧಗಳನ್ನು ಸಾಮಾನ್ಯವಾಗಿ ಆಜೀವವೂ ಸೇವಿಸಬೇಕು. ಅವುಗಳಿಂದ ಸೋಂಕಿನ ಭಯವುಂಟು. ಆದುದರಿಂದ ಅಂಶಮಾತ್ರವನ್ನು ತೆಗೆದು ಗುಣಪಡಿಸಲು ಸಾಧ್ಯವಾದೆಡೆ ಕಸಿಯು ಬೇಡ; ಸಾಧ್ಯವಿಲ್ಲದೆಡೆ ತಡವು ಸಲ್ಲದು.